ಆಫ್ರಿಕನ್-ಅಮೆರಿಕನ್ ಮನೆಗಳಲ್ಲಿ ಕ್ಯಾನ್ಸರ್ ಆರೈಕೆ: ಹೊರೆಯ ಸ್ಕೋರ್ ಕಡಿಮೆ, ನೋಡಿಕೊಳ್ಳುವವರು ಮಾತ್ರ ಸೊರಗುತ್ತಿದ್ದಾರೆ

ಹೊಸ_ನ್ಯಾವಿಗೇಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕ್ಯಾನ್ಸರ್ ಕ್ಲಿನಿಕ್ಕುಗಳಲ್ಲಿ ದುಡಿಯುವ ಕನ್ನಡಿಗರು ಇಲ್ಲಿ ಹಲವರಿದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಪೇಷಂಟ್ ನ್ಯಾವಿಗೇಟರ್ (ಚಿಕಿತ್ಸೆಯ ಉದ್ದಕ್ಕೂ ರೋಗಿಗೆ ದಾರಿ ತೋರಿಸುವ) ಕೆಲಸ ನನ್ನದು, ರೋಗಿಗಳು ಬಹುಪಾಲು ಆಫ್ರಿಕನ್-ಅಮೆರಿಕನ್ನರು. ಜೊತೆಗೆ ಬರುವವರು ಹೆಚ್ಚಾಗಿ ಮಗಳು, ಇಲ್ಲವೇ ತಂಗಿ, ಮೊಮ್ಮಗಳು, ಚರ್ಚಿನ ಗೆಳತಿ. ಹೊರೆ ಎಷ್ಟಿದೆ ಅಂತ ತಿಳಿಯಲು ಜರಿಟ್ ಪ್ರಶ್ನಾವಳಿ ಕೊಡುವ ಪದ್ಧತಿ ಇದೆ. 88ಕ್ಕೆ 14, 17 ಹೀಗೆ ಬರುತ್ತದೆ. ಎದುರಿಗೆ ಕೂತವರ ಮುಖ ನೋಡಿದರೆ ಆ ಅಂಕಿಯನ್ನು ನಂಬಲು ಆಗುವುದಿಲ್ಲ.

ಸ್ಕೋರ್ ಕಡಿಮೆ ಬಂದರೆ ‘ಸಹಾಯ ಬೇಕಿಲ್ಲ’ ಅಂತ ಫೈಲು ಮುಚ್ಚುತ್ತಾರೆ. ಅದರ ಬದಲು ಏನು ಕೇಳಬೇಕು? ಮನೆಗೆ ಕಳಿಸುವಾಗ ಇವರಿಗೆ ತಪ್ಪದೆ ಹೇಳಿಕೊಡಬೇಕಾದ್ದು ಏನು? ಕೆಲಸದ ರಜೆ, ಕಾಗದಪತ್ರದ ವಿಷಯದಲ್ಲಿ ಎಲ್ಲಿ ಎಡವುತ್ತಾರೆ?

ಆಂಕಾಲಜಿ_ಸಮಾಜಕಾರ್ಯ ಉತ್ತರ:

ನಿಮ್ಮ ಅನುಮಾನ ಸರಿಯಾಗಿದೆ. ಜರಿಟ್‌ನಲ್ಲಿ 22 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4. ಬಹುತೇಕ ಎಲ್ಲವೂ ‘ನಿಮಗೆ ಏನನ್ನಿಸುತ್ತದೆ’ ಎಂಬ ಧಾಟಿಯವು: ಇವರ ನಡವಳಿಕೆಯಿಂದ ಮುಜುಗರವಾಗುತ್ತದೆಯೇ, ಇವರ ಹತ್ತಿರ ಇದ್ದಾಗ ಸಿಟ್ಟು ಬರುತ್ತದೆಯೇ, ನಿಮ್ಮ ಬದುಕು ನಿಮ್ಮ ಹಿಡಿತ ತಪ್ಪಿದೆ ಅನ್ನಿಸುತ್ತದೆಯೇ. ಹೆತ್ತವ್ವನ ಬಗ್ಗೆ, ಅದೂ ಅವಳು ಪಕ್ಕದ ಕುರ್ಚಿಯಲ್ಲೇ ಕೂತಿರುವಾಗ, ಇದಕ್ಕೆ ‘ಹೌದು’ ಅನ್ನುವ ಮಗಳು ಯಾರು? ಈ ಸಮುದಾಯದಲ್ಲಿ ಹಿರಿಯರನ್ನು ನೋಡಿಕೊಳ್ಳುವುದು ಪಾಲಿಗೆ ಬಂದ ಕರ್ತವ್ಯ, ದೇವರು ಒಪ್ಪಿಸಿದ ಕೆಲಸ. ಅದನ್ನು ಹೊರೆ ಎಂದು ಹೆಸರಿಸುವುದೇ ತಪ್ಪು ಅನ್ನಿಸುತ್ತದೆ.

ಸಂಶೋಧನೆಯೂ ಇದನ್ನೇ ತೋರಿಸಿದೆ. ವಯಸ್ಸಾದವರ ಆರೈಕೆ ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2005ರ ವಿಶ್ಲೇಷಣೆಯಲ್ಲಿ, ಆಫ್ರಿಕನ್-ಅಮೆರಿಕನ್ ಆರೈಕೆದಾರರು ಬಿಳಿಯರಿಗಿಂತ ಕಡಿಮೆ ಹೊರೆ, ಕಡಿಮೆ ಖಿನ್ನತೆ ಹೇಳಿಕೊಂಡಿದ್ದರು. ಅದೇ ವಿಶ್ಲೇಷಣೆಯಲ್ಲಿ ಅಲ್ಪಸಂಖ್ಯಾತ ಸಮುದಾಯಗಳ ಆರೈಕೆದಾರರು ಮಾಡುತ್ತಿದ್ದ ಕೆಲಸ ಹೆಚ್ಚು, ಅವರ ದೇಹದ ಆರೋಗ್ಯ ಕೆಟ್ಟದ್ದು. ಮನಸ್ಸು ಒಪ್ಪಿಕೊಂಡದ್ದನ್ನು ದೇಹ ತೀರಿಸುತ್ತಿರುತ್ತದೆ. ಶೆರ್ಮನ್ ಜೇಮ್ಸ್ ಎಂಬ ಸಾಂಕ್ರಾಮಿಕ ರೋಗಶಾಸ್ತ್ರಜ್ಞರು 1980ರ ದಶಕದಲ್ಲಿ ಇದಕ್ಕೆ ‘ಜಾನ್ ಹೆನ್ರಿಯಿಸಂ’ ಎಂದು ಹೆಸರಿಟ್ಟರು: ಅನುಕೂಲವಿಲ್ಲದ ಕಡೆ ಹಟ ಹಿಡಿದು ದುಡಿದೇ ಎಲ್ಲವನ್ನೂ ಗೆಲ್ಲುತ್ತೇನೆ ಎನ್ನುವ ಸ್ವಭಾವ, ಅದರ ಜೊತೆಗೆ ಏರುವ ರಕ್ತದೊತ್ತಡ. ಅಮೆರಿಕದ ಕಪ್ಪು ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬಿ.ಪಿ. ಇದೆ ಎಂಬುದನ್ನೂ ಇದರ ಪಕ್ಕಕ್ಕೆ ಇಟ್ಟು ನೋಡಿ.

ಹಾಗಾಗಿ ಭಾವನೆ ಬಿಡಿ, ಕೆಲಸ ಮತ್ತು ಗಂಟೆ ಕೇಳಿ. ರೋಗಿ ಕೀಮೋ ಕುರ್ಚಿಯಲ್ಲಿರುವಾಗ ಹೊರಗೆ ಕರೆದು, ಇಲ್ಲವೇ ಮಾರನೇ ದಿನ ಫೋನಿನಲ್ಲಿ, ಹತ್ತು ನಿಮಿಷ ಸಾಕು. ನಿನ್ನೆ ರಾತ್ರಿ ಎಷ್ಟು ಸಲ ಎದ್ದಿರಿ? ನಿಮ್ಮ ಬಿ.ಪಿ. ಮಾತ್ರೆ ಕೊನೆಗೆ ತುಂಬಿಸಿಕೊಂಡದ್ದು ಯಾವಾಗ? ಮನೆಯಲ್ಲಿ ಇನ್ನು ಯಾರ್‍ಯಾರನ್ನು ನೋಡಿಕೊಳ್ಳುತ್ತಿದ್ದೀರಿ, ಮೊಮ್ಮಕ್ಕಳೇ, ಇನ್ನೊಬ್ಬ ಹಿರಿಯರೇ? ಶಿಫ್ಟ್ ಎಷ್ಟು ಹೊತ್ತಿಗೆ? ಈ ತಿಂಗಳು ಯಾವ ಬಿಲ್ ಮುಂದಕ್ಕೆ ಹಾಕಿದಿರಿ? ಕೊನೆಗೆ ಒಂದು: ‘ನಾಳೆ ನಿಮಗೆ ಜ್ವರ ಬಂದರೆ ಇವರನ್ನು ಯಾರು ಕರೆತರುತ್ತಾರೆ?’ ಇದಕ್ಕೆ ಹೆಸರು ಬಾರದೆ ಮೌನ ಬಂದರೆ, ಸ್ಕೋರ್ ಏನೇ ಇರಲಿ, ಅದೇ ನಿಮ್ಮ ತುರ್ತು ಕೇಸು.

ಕಾಗದದ ಮೇಲೆ ಅಂಕಿ ಬೇಕೇ ಬೇಕು ಅಂದರೆ 13 ಪ್ರಶ್ನೆಯ ಕೇರ್‌ಗಿವರ್ ಸ್ಟ್ರೇನ್ ಇಂಡೆಕ್ಸ್ ವಾಸಿ. ನಿದ್ದೆ ಕೆಡುತ್ತದೆ, ಮೈ ನೋಯುತ್ತದೆ, ದುಡ್ಡಿಗೆ ತೊಂದರೆ, ಕೆಲಸದಲ್ಲಿ ಹೊಂದಾಣಿಕೆ, ಹೀಗೆ ನಡೆಯುವ ಸಂಗತಿಗಳನ್ನು ಕೇಳುತ್ತದೆ. 7 ಅಥವಾ ಹೆಚ್ಚು ಬಂದರೆ ಒತ್ತಡ ಜಾಸ್ತಿ ಎಂದು ಲೆಕ್ಕ.

ಕೀಮೋವಾರ್ಡ್_ನರ್ಸ್ ಉತ್ತರ:

ಮನೆಗೆ ಕಳಿಸುವಾಗ ಹೇಳಿಕೊಡುವ ವಿಷಯ ನನಗೆ ಬಿಡಿ. ನಮ್ಮ ಕರಪತ್ರಗಳು ಬಿಳಿ ಚರ್ಮ ನೋಡಿ ಬರೆದವು. ಇವರ ಆರೈಕೆದಾರರು ‘ಕೆಂಪಾದರೆ ಫೋನ್ ಮಾಡಿ’ ಅನ್ನುವ ಸಾಲು ಓದಿಕೊಂಡು, ಕೆಂಪು ಕಾಣದೆ, ನಾಲ್ಕು ದಿನ ಕಾಯುತ್ತಾರೆ.

ರೇಡಿಯೇಶನ್‌ನಲ್ಲಿ ಎರಡು ಮೂರು ವಾರಕ್ಕೆ ಚರ್ಮ ಕೆಂಪಾಗುವ ಬದಲು ಇನ್ನಷ್ಟು ಕಪ್ಪಾಗುತ್ತದೆ, ಒರಟಾಗಿ ಬಿಗಿಯುತ್ತದೆ, ತುರಿಸುತ್ತದೆ. ಸ್ತನದ ಕೆಳಗಿನ ಮಡಿಕೆ, ಕಂಕುಳು ಮೊದಲು ಚರ್ಮ ಕಿತ್ತುಹೋಗುವ ಜಾಗಗಳು. ಕಣ್ಣಿಗಿಂತ ಕೈ ಮುಖ್ಯ: ಬೆರಳ ಹಿಂಬದಿ ಇಟ್ಟು ಬಿಸಿ ನೋಡಿ, ಆಚೀಚಿನ ಚರ್ಮಕ್ಕೆ ಹೋಲಿಸಿ ಗಟ್ಟಿಯೋ ಮೆತ್ತಗೋ ಎಂದು ಒತ್ತಿ ನೋಡಿ. ಹಾಸಿಗೆ ಹುಣ್ಣಿಗೂ ಇದೇ ವಿಧಾನ. ಹಿಮ್ಮಡಿ, ಬೆನ್ನ ಕೆಳಭಾಗವನ್ನು ಕಿಟಕಿ ಬೆಳಕಿನಲ್ಲಿ ದಿನಕ್ಕೊಮ್ಮೆ ನೋಡಲಿ. ಕಾಮಾಲೆಗೆ ಕಣ್ಣಿನ ಬಿಳಿ ಭಾಗ, ರಕ್ತ ಕಡಿಮೆಯಾದರೆ ಒಸಡು ಮತ್ತು ಕೆಳರೆಪ್ಪೆಯ ಒಳಗು.

ಪಲ್ಸ್ ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಸಾಧನ) ಕೊಟ್ಟು ಕಳಿಸುವವರು ಇದನ್ನು ಹೇಳದೆ ಕಳಿಸಬೇಡಿ: ಕಪ್ಪು ಚರ್ಮದ ಮೇಲೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೀಟರ್ ಸರಿ ಎಂದು ತೋರಿಸಿದರೂ ನಿಜಕ್ಕೂ ಆಮ್ಲಜನಕ ಕಡಿಮೆ ಇದ್ದದ್ದು ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. 94 ತೋರಿಸುತ್ತಿದೆ, ಆದರೆ ಒಂದು ವಾಕ್ಯ ಪೂರ್ತಿ ಮಾತಾಡಲು ಏದುಸಿರು ಬರುತ್ತಿದೆ ಎಂದರೆ ಏದುಸಿರನ್ನೇ ನಂಬಬೇಕು.

ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ನಡುರಾತ್ರಿಯಾದರೂ ಫೋನ್. ಮೊದಲೇ ಟೈಲೆನಾಲ್ (ಪ್ಯಾರಾಸಿಟಮಾಲ್) ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಒಳಗೆ ಏರುತ್ತಿರುತ್ತದೆ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ, ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿಕೊಟ್ಟುಬಿಡಿ. ಕೀಮೋ ಆಗಿ 48 ಗಂಟೆ ವಾಂತಿ, ಮೂತ್ರ ಮುಟ್ಟುವಾಗ ಗ್ಲೌಸ್ ಇರಲಿ.

ಇನ್ನೊಂದು, ಡಾಕ್ಟರಿಗೇ ನೆನಪಿಸಬೇಕಾದ್ದು. ಆಫ್ರಿಕನ್ ಮೂಲದ ಬಹಳ ಜನಕ್ಕೆ ಡಫಿ-ನಲ್ ಎಂಬ ರಕ್ತಲಕ್ಷಣ ಇರುತ್ತದೆ, ಅವರ ನ್ಯೂಟ್ರೊಫಿಲ್ (ಸೋಂಕು ಎದುರಿಸುವ ಬಿಳಿ ರಕ್ತಕಣ) ಎಣಿಕೆ ಆರೋಗ್ಯವಾಗಿದ್ದಾಗಲೂ ಕಡಿಮೆಯೇ. 1,500 ಇಲ್ಲ ಅಂತ ಕೀಮೋ ಮುಂದೂಡಿದಾಗ, ಆರೈಕೆ ಮಾಡುವವರು ಹಾಕಿದ್ದ ರಜೆ ವ್ಯರ್ಥ, ಕಾರಿನ ಪೆಟ್ರೋಲ್ ವ್ಯರ್ಥ, ಮುಂದಿನ ವಾರ ಮತ್ತೊಂದು ರಜೆ. ‘ಕೀಮೋ ಶುರುವಾಗುವ ಮುಂಚಿನ ಎಣಿಕೆ ಎಷ್ಟಿತ್ತು? ಡಫಿ ಪರೀಕ್ಷೆ ಆಗಿದೆಯೇ?’ ಅಂತ ಕೇಳಲು ಕುಟುಂಬಕ್ಕೆ ಹೇಳಿಕೊಡಿ.

ನೋವಿನ ವಿಷಯದಲ್ಲಿ ಇವರು ಎರಡು ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಮೊದಲನೆಯದು ಕ್ಲಿನಿಕ್ಕಿನದು. 2016ರ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ರೆಸಿಡೆಂಟುಗಳಲ್ಲಿ ಸುಮಾರು ಅರ್ಧ ಜನ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಿಜವೆಂದು ಒಪ್ಪಿದ್ದರು. ‘ತುಂಬಾ ನೋವು’ ಅಂದರೆ ಅಲ್ಲಿ ನಡೆಯುವುದಿಲ್ಲ, ಬರಹ ನಡೆಯುತ್ತದೆ. ನಾಲ್ಕು ಕಲಂ ಗೆರೆ ಹಾಕಿದ ಹಾಳೆ: ಹೊತ್ತು, 0–10ರಲ್ಲಿ ನೋವು, ಕೊಟ್ಟ ಮಾತ್ರೆ, ಒಂದು ಗಂಟೆ ಆದಮೇಲೆ ನೋವು. ಹೊತ್ತಿಗೆ ಕೊಡುವ ಡೋಸ್‌ಗಳ ನಡುವೆ ನೋವು ಎದ್ದಾಗ ಕೊಡುವ ಮಾತ್ರೆ ದಿನಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಡೋಸ್ ಸಾಲದು ಎಂದು ಆ ಹಾಳೆಯೇ ಹೇಳುತ್ತದೆ. ಎರಡನೆಯದು ಔಷಧಿ ಅಂಗಡಿ. ನ್ಯೂಯಾರ್ಕಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಬಿಳಿಯರಲ್ಲದವರೇ ಹೆಚ್ಚಿರುವ ಬಡಾವಣೆಗಳ ಫಾರ್ಮಸಿಗಳಲ್ಲಿ ಸಾಕಷ್ಟು ಓಪಿಯಾಯ್ಡ್ (ಮಾರ್ಫಿನ್‌ನಂಥ ನೋವಿನ ಔಷಧ) ದಾಸ್ತಾನು ಇದ್ದದ್ದು ಶೇ. 25ರಲ್ಲಿ, ಬಿಳಿಯರ ಬಡಾವಣೆಗಳಲ್ಲಿ ಶೇ. 72ರಲ್ಲಿ. ಚೀಟಿ ಕಳಿಸುವ ಮುಂಚೆ ಫಾರ್ಮಸಿಗೆ ನೀವೇ ಫೋನ್ ಮಾಡಿ ‘ಸ್ಟಾಕ್ ಇದೆಯೇ’ ಅಂತ ಕೇಳಿ. ಆ ಒಂದು ಕರೆ ಶುಕ್ರವಾರ ಸಂಜೆ ನಾಲ್ಕು ಅಂಗಡಿ ಅಲೆಯುವುದನ್ನು ತಪ್ಪಿಸುತ್ತದೆ. ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಗೆ ಕೊಡುವ ಸೆನ್ನಾ ಕೂಡ ಶುರುವಾಗಲಿ, ಮೂರು ದಿನ ಮಲ ಆಗದಿದ್ದರೆ ಫೋನ್. ಉದ್ದ ಅವಧಿಯ ಮಾತ್ರೆ ಪುಡಿ ಮಾಡಕೂಡದು, ಪುಡಿ ಮಾಡಿದರೆ 12 ಗಂಟೆಯ ಔಷಧ ಒಂದೇ ಸಲ ಒಳಗೆ ಹೋಗುತ್ತದೆ.

ರಜೆ_ಮತ್ತು_ಕಾಗದ ಉತ್ತರ:

ಮೊದಲು ಹೆಲ್ತ್‌ಕೇರ್ ಪ್ರಾಕ್ಸಿ, ಅಂದರೆ ರೋಗಿಗೆ ಹೇಳಲಾಗದಾಗ ಚಿಕಿತ್ಸೆಯ ನಿರ್ಧಾರ ಯಾರದು ಎಂದು ಹೆಸರಿಸುವ ಕಾಗದ. ಈ ಕುಟುಂಬಗಳಲ್ಲಿ ನಿಜವಾಗಿ ನೋಡಿಕೊಳ್ಳುವವರು ಹಲವು ಸಲ ಕಾನೂನಿನ ಕಣ್ಣಿಗೆ ಯಾರೂ ಅಲ್ಲ. ಒಟ್ಟಿಗೆ ಬೆಳೆದ ‘ಅಕ್ಕ’, ಚರ್ಚಿನ ಮಗಳು, ಸೋದರಸೊಸೆ. ಕಾಗದ ಇಲ್ಲದಿದ್ದರೆ ರಾಜ್ಯದ ಕಾನೂನಿನ ಪಟ್ಟಿ ಜಾರಿಗೆ ಬರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿ ಮೊದಲು. ಹದಿನೈದು ವರ್ಷದಿಂದ ಬೇರೆ ಇದ್ದು ವಿಚ್ಛೇದನ ಮಾತ್ರ ಆಗದವರು ಅನೇಕ ರಾಜ್ಯಗಳಲ್ಲಿ ಆ ಪಟ್ಟಿಯ ತಲೆಯಲ್ಲೇ ಇರುತ್ತಾರೆ. ಮೊದಲ ಕೀಮೋಗೆ ಮುಂಚೆ ಸಹಿ ಆಗಿಬಿಡಲಿ. ಅನೇಕ ರಾಜ್ಯಗಳಲ್ಲಿ ಇಬ್ಬರು ಸಾಕ್ಷಿ ಬೇಕು, ಪ್ರಾಕ್ಸಿ ಆಗುವವರು ತಾವೇ ಸಾಕ್ಷಿ ಹಾಕಬಾರದು.

ರಜೆಗೆ ಎಫ್‌ಎಂಎಲ್‌ಎ, ಅಂದರೆ ಕುಟುಂಬ ಮತ್ತು ವೈದ್ಯಕೀಯ ರಜೆಯ 1993ರ ಕಾನೂನು: 12 ತಿಂಗಳಲ್ಲಿ 12 ವಾರ, ಸಂಬಳ ಇಲ್ಲ, ಕೆಲಸ ಉಳಿಯುತ್ತದೆ. ಅರ್ಹತೆಗೆ ಬೇಕಾದ್ದು: 75 ಮೈಲಿ ಒಳಗೆ 50 ನೌಕರರಿರುವ ಕಂಪನಿ, 12 ತಿಂಗಳ ಸೇವೆ, ಹಿಂದಿನ ವರ್ಷ 1,250 ಗಂಟೆ ಕೆಲಸ. ಗಂಡ-ಹೆಂಡತಿ, ಮಕ್ಕಳು, ಅಪ್ಪ-ಅಮ್ಮನಿಗೆ ಮಾತ್ರ, ಅತ್ತೆ-ಮಾವ, ಒಡಹುಟ್ಟಿದವರಿಗೆ ಇಲ್ಲ. ಇಲ್ಲೊಂದು ದಾರಿ ಇದೆ, ಯಾರೂ ಹೇಳುವುದಿಲ್ಲ. ನೌಕರಳನ್ನು ಚಿಕ್ಕಂದಿನಲ್ಲಿ ಅಜ್ಜಿಯೋ ಚಿಕ್ಕಮ್ಮನೋ ತಾಯಿಯ ಸ್ಥಾನದಲ್ಲಿ ನಿಂತು ಸಾಕಿದ್ದರೆ, ‘ಇನ್ ಲೋಕೋ ಪೇರೆಂಟಿಸ್’ ನಿಯಮದ ಪ್ರಕಾರ ಅವರು ಪೋಷಕರೇ. ಅಜ್ಜಿ ಸಾಕಿದ ಮಕ್ಕಳು ಬಹಳ ಇರುವ ಕಡೆ ಇದು ದೊಡ್ಡ ಮಾತು. ಹಾಗೆಂದು ಒಂದು ಸರಳ ಬರಹ ಕೊಟ್ಟರೆ ಸಾಕು.

ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಈ ರಜೆಗೆ ಕಾಯಿಲೆಯನ್ನು ದೃಢೀಕರಿಸುವ ಡಬ್ಲ್ಯೂಎಚ್-380-ಎಫ್ ನಮೂನೆಯಲ್ಲಿ ಡಾಕ್ಟರ್ ‘ಅಗತ್ಯವಿದ್ದಾಗ’ ಎಂದು ಬರೆದಾಗ. ‘ಪ್ರತಿ 21 ದಿನಕ್ಕೆ ಒಂದು ದಿನ ಕೀಮೋ, ಅದರ ನಂತರ ತಿಂಗಳಿಗೆ 3 ಸಲದವರೆಗೆ, ಪ್ರತಿ ಸಲ 1 ದಿನ’ ಎಂಬ ಹಾಗೆ ಲೆಕ್ಕ ಬರೆಸಿ. ನಮೂನೆ ಕೊಡಲು ಕನಿಷ್ಠ 15 ದಿನ, ತಿದ್ದಿ ಕೊಡಲು 7 ದಿನ ಸಿಗುತ್ತದೆ. ರಜೆಯನ್ನು ಗಂಟೆ ಲೆಕ್ಕದಲ್ಲೂ ಒಡೆದು ತೆಗೆದುಕೊಳ್ಳಬಹುದು.

ದುಡ್ಡು: ಹಿರಿಯರ ಸಂಘಟನೆ ಎಎಆರ್‌ಪಿಯ 2021ರ ವರದಿಯಲ್ಲಿ, ಎಲ್ಲ ಕಾಯಿಲೆಗಳನ್ನೂ ಸೇರಿಸಿ, ಆರೈಕೆದಾರರು ಕೈಯಿಂದ ಹಾಕುವುದು ವರ್ಷಕ್ಕೆ ಸರಾಸರಿ 7,242 ಡಾಲರ್, ಆದಾಯದ ಶೇ. 26. ಆಫ್ರಿಕನ್-ಅಮೆರಿಕನ್ನರಲ್ಲಿ ಶೇ. 34. ರೋಗಿಗೆ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಇದ್ದರೆ ಆಸ್ಪತ್ರೆಗೆ ಹೋಗಿಬರುವ ವಾಹನ ಉಚಿತ, ಆದರೆ ಮುಂಚೆಯೇ ಬುಕ್ ಮಾಡಬೇಕು. ಹಲವು ರಾಜ್ಯಗಳಲ್ಲಿ ಮೆಡಿಕೇಡ್ ವೇವರ್ ಎಂಬ ವಿಶೇಷ ಯೋಜನೆಯ ಮೂಲಕ ನೋಡಿಕೊಳ್ಳುವ ಮಗಳಿಗೇ ಸಂಬಳ ಕೊಡಿಸಬಹುದು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 800-227-2345, ದಿನದ 24 ಗಂಟೆ. ರೋಗಿಗೆ 60 ದಾಟಿದ್ದರೆ ಹತ್ತಿರದ ಹಿರಿಯರ ಸೇವೆ ಹುಡುಕಿಕೊಡುವ ಎಲ್ಡರ್‌ಕೇರ್ ಲೊಕೇಟರ್ 800-677-1116. ಇನ್ನು ನಿಮ್ಮ ಕ್ಲಿನಿಕ್ಕಿಗೆ: 2024ರ ಜನವರಿಯಿಂದ ಆರೈಕೆದಾರರಿಗೆ ಕಲಿಸಿದ ಸಮಯಕ್ಕೂ ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ವಿಮೆ) ದುಡ್ಡು ಕೊಡುತ್ತದೆ. ಬಿಲ್ಲಿನ ಕೋಡ್ 97550 ಮೊದಲ 30 ನಿಮಿಷ, 97551 ನಂತರದ ಪ್ರತಿ 15 ನಿಮಿಷ. ‘ಹೇಳಿಕೊಡಲು ಟೈಮಿಲ್ಲ’ ಅನ್ನುವ ಮ್ಯಾನೇಜರಿಗೆ ಇದನ್ನು ತೋರಿಸಿ.

ಹೊಸ_ನ್ಯಾವಿಗೇಟರ್:

ತುಂಬಾ ಉಪಕಾರವಾಯಿತು. ಅಜ್ಜಿ ಸಾಕಿದವರ ನಿಯಮ ಗೊತ್ತೇ ಇರಲಿಲ್ಲ. ಇನ್ನೊಂದು: ‘ಚರ್ಚ್ ಇದೆ, ನೋಡಿಕೊಳ್ಳುತ್ತಾರೆ’ ಅನ್ನುತ್ತಾರೆ. ಅದನ್ನು ಎಷ್ಟು ನೆಚ್ಚಬಹುದು? ಹಾಸ್ಪಿಸ್ (ಗುಣಪಡಿಸುವ ಚಿಕಿತ್ಸೆ ನಿಲ್ಲಿಸಿ ಕೊನೆಗಾಲದಲ್ಲಿ ನೆಮ್ಮದಿಗಾಗಿ ಕೊಡುವ ಆರೈಕೆ) ಮಾತೆತ್ತಿದರೆ ಎದ್ದೇ ಹೋಗುತ್ತಾರೆ. ಟಸ್ಕಿಗಿಯ (ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಗಮನಿಸುತ್ತಾ ಹೋದ ಸರ್ಕಾರಿ ಪ್ರಯೋಗ) ಕಾರಣಕ್ಕೆ ಅಪನಂಬಿಕೆ ಅಂತ ಇಲ್ಲಿ ಹೇಳುತ್ತಾರೆ.

ಆಂಕಾಲಜಿ_ಸಮಾಜಕಾರ್ಯ:

ಚರ್ಚ್ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಎರಡು ವಾರ ಫ್ರಿಜ್ಜಿನಲ್ಲಿ ಜಾಗವಿಲ್ಲದಷ್ಟು ಊಟ ಬರುತ್ತದೆ, ಮೂರನೇ ಕೀಮೋ ಹೊತ್ತಿಗೆ ಯಾರೂ ಇರುವುದಿಲ್ಲ. ಜನರಿಗೆ ಮನಸ್ಸಿಲ್ಲ ಅಂತಲ್ಲ, ಏನು ಮಾಡಬೇಕು ಅಂತ ತಿಳಿದಿರುವುದಿಲ್ಲ. ಪಾದ್ರಿಗಿಂತ ಚರ್ಚಿನ ‘ಹೆಲ್ತ್ ಮಿನಿಸ್ಟ್ರಿ’ (ಆರೋಗ್ಯ ಸೇವೆಯ ತಂಡ) ನೋಡಿಕೊಳ್ಳುವವರ ಕೈಗೆ ಪಟ್ಟಿ ಕೊಡಿಸಿ: ಯಾವ ಮಂಗಳವಾರ, ಎಷ್ಟು ಗಂಟೆಗೆ, ಯಾವ ವಿಳಾಸದಿಂದ ಕರೆದೊಯ್ಯಬೇಕು, ಕೀಮೋ ಆದ ಮೂರನೇ ರಾತ್ರಿ ಯಾರು ಮಲಗಲು ಬರುತ್ತಾರೆ. ಒಂದು ಎಚ್ಚರಿಕೆ. ಭಾನುವಾರದ ಚರ್ಚ್ ಪತ್ರಿಕೆಯಲ್ಲಿ ‘ಸಿಕ್ ಅಂಡ್ ಶಟ್-ಇನ್’ ಎಂಬ, ಕಾಯಿಲೆಯವರ ಮತ್ತು ಮನೆಬಿಟ್ಟು ಬರಲಾಗದವರ ಹೆಸರಿನ ಪಟ್ಟಿ ಅಚ್ಚಾಗುತ್ತದೆ. ಕಾಯಿಲೆ ಹೊರಗೆ ತಿಳಿಯಬಾರದು ಎಂದಿರುವ ರೋಗಿಯ ಹೆಸರು ಅಲ್ಲಿ ಬಂದರೆ, ಬೈಗುಳ ತಿನ್ನುವವಳು ನೋಡಿಕೊಳ್ಳುವ ಮಗಳೇ. ಕೇಳಿಯೇ ಮುಂದೆ ಹೋಗಿ.

ಟಸ್ಕಿಗಿ ಪ್ರಯೋಗ 1932ರಿಂದ 1972ರವರೆಗೆ ನಡೆದದ್ದು ನಿಜ, ಮರೆಯುವಂಥದ್ದೂ ಅಲ್ಲ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ಕ್ಲಿನಿಕ್ ತಾನು ಕಳೆದ ವಾರ ಮಾಡಿದ್ದನ್ನು ನೋಡಿಕೊಳ್ಳುವುದಿಲ್ಲ. ನೋವಿಗೆ ಔಷಧಿ ಕೊಡಲು ತಡ ಮಾಡಿದವರೇ ‘ಇನ್ನು ಚಿಕಿತ್ಸೆ ನಿಲ್ಲಿಸೋಣ’ ಅಂದರೆ ಯಾರು ನಂಬುತ್ತಾರೆ? ಮೊದಲು ನೋವು ಇಳಿಸಿ, ಆಮೇಲೆ ಹಾಸ್ಪಿಸ್ ಮಾತು. ಆಗಲೂ ಹೆಸರಿಗಿಂತ ಸಿಗುವುದನ್ನು ಹೇಳಿ: ಆಸ್ಪತ್ರೆ ಮಂಚ, ಆಕ್ಸಿಜನ್ ಮನೆಗೇ ಬರುತ್ತದೆ, ರಾತ್ರಿ ಎರಡಕ್ಕೂ ನರ್ಸ್ ಫೋನ್ ಎತ್ತುತ್ತಾರೆ, ರೋಗಿಯನ್ನು ಒಂದು ಸಲಕ್ಕೆ 5 ದಿನದವರೆಗೆ ಒಳರೋಗಿಯಾಗಿ ಇರಿಸಿಕೊಂಡು ಮಗಳಿಗೆ ನಿದ್ದೆ ಮಾಡಲು ಬಿಡುವ ರೆಸ್ಪೈಟ್ ಸೌಲಭ್ಯವೂ ಮೆಡಿಕೇರ್ ಹಾಸ್ಪಿಸ್‌ನಲ್ಲಿದೆ. ಸಾಮಾನ್ಯವಾಗಿ ನರ್ಸ್ ದಿನವಿಡೀ ಮನೆಯಲ್ಲಿ ಇರುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಿ. ಅದನ್ನು ಮುಚ್ಚಿಟ್ಟರೆ ಮೊದಲ ರಾತ್ರಿಯೇ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಫೋನನ್ನೂ ಎತ್ತುವುದಿಲ್ಲ.

ಕೀಮೋವಾರ್ಡ್_ನರ್ಸ್:

ಚರ್ಚಿನ ಪಟ್ಟಿಗೆ ಒಂದು ಸೇರಿಸಿ: 7ರಿಂದ 14ನೇ ದಿನದವರೆಗೆ ನೆಗಡಿ, ಕೆಮ್ಮು ಇರುವವರು ಮನೆಯೊಳಗೆ ಬರುವುದು ಬೇಡ, ಊಟ ಬಾಗಿಲಲ್ಲಿ ಕೊಟ್ಟರೆ ಸಾಕು. ತಂದದ್ದು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇದ್ದರೆ ರೋಗಿಗೆ ಬಡಿಸಬಾರದು. ‘ಬರಬೇಡಿ’ ಅನ್ನುವುದು ಮಗಳ ಬಾಯಲ್ಲಿ ಬರುವುದಿಲ್ಲ. ಕ್ಲಿನಿಕ್ಕಿನ ಹೆಸರಿನ ಕಾಗದದಲ್ಲಿ ಅಚ್ಚು ಹಾಕಿ ಕೊಡಿ, ಬಾಗಿಲಿಗೆ ಅಂಟಿಸಿಕೊಳ್ಳುತ್ತಾಳೆ.