ಅರ್ಧನಾರೀಶ್ವರ ವೇಷ ಮನ್ಯಾಗ ಮಾಡಿದವ್ರು ಯಾರರ ಇದ್ದೀರೇನ್ರಿ?

ರಿಂಗ್ ರೋಡ್ ತಾಯಿ, ಕಲಬುರಗಿ: ಮಗ ಎರಡನೇ ಕ್ಲಾಸ್. ಗ್ಯಾದರಿಂಗಿಗೆ ಅರ್ಧನಾರೀಶ್ವರ ಮಾಡಸ್ರಿ ಅಂತ ಮಿಸ್ ಹೇಳ್ಯಾರ. ಅರ್ಧ ಹುಲಿ ಚರ್ಮ, ಅರ್ಧ ಕೆಂಪು ಸೀರಿ. 300 ರೂಪಾಯಿ ದಾಟಬಾರದು. ಮಷೀನ್ ಇಲ್ಲ, ಸೂಜಿ ದಾರ ಅಷ್ಟೇ. ಅನುಭವ ಇದ್ದವ್ರು ಹೇಳ್ರಿ.

ಸೇಡಂ ರೋಡ್ ಅಕ್ಕ: ಬಾಡಿಗಿ ಅಂಗಡಿಗೆ ಮಾತ್ರ ಹೋಗಬ್ಯಾಡವ್ವಾ. ಹೋದ ವರ್ಷ ನಮ್ಮ ಹುಡುಗಿಗೆ ತಂದಿದ್ದೆ. 450 ಬಾಡಿಗಿ, ಮ್ಯಾಲ 500 ಡಿಪಾಸಿಟ್. ವಾಪಸ್ ಕೊಡ್ಲಾಕ ಹೋದ್ರ ಕಿರೀಟದ ಮಣಿ ಬಿದ್ದದ ಅಂತ 200 ಮುರ್ಕೊಂಡ. ಆ ಮಣಿ ಮೊದ್ಲೇ ಇದ್ದಿಲ್ಲ, ಫೋಟೋ ಅದ ನನ್ನ ಹತ್ರ! ಈ ವರ್ಷ ನಾನೇ ಹೊಲದೀನಿ, ಹುಡುಗಿ ಹಾಕ್ಕೊಂಡ ಫೋಟೋ ಕೆಳಗ ಹಾಕೀನಿ ನೋಡ್ರಿ. ಕಪಡಾ ಬಜಾರದಾಗ ಕೆಂಪು ಸಾಟಿನ್ ಮೀಟರಿಗೆ 70, ಹುಲಿ ಪಟ್ಟಿ ವೆಲ್ವೆಟ್ ಕಟ್ ಪೀಸ್ ಅರ್ಧ ಮೀಟರ್ 90, ಲೇಸ್ 25, ಇಲಾಸ್ಟಿಕ್ 10. ಕಷ್ಟ ಇರೋದು ನಡುವಿನ ಜೋಡಿನ್ಯಾಗ. ಸಾಟಿನ್ ಜಾರ್ತದ, ವೆಲ್ವೆಟ್ ಸರೀತದ. ಕಚ್ಚಾ ಹೊಲಿಗಿ ಹಾಕಿ ಆಮ್ಯಾಲ ಮಷೀನ್ ಓಡಸ್ರಿ. ಎರಡೂ ಕಡಿ ಅರ್ಧರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಸ್ರಿ, ಇಲ್ಲಂದ್ರ ಸೊಂಟಕ್ಕ ಒಂದಿಂಚು ಕಮ್ಮಿ ಬೀಳ್ತದ.

ಶಹಾಬಾದ್ ಕಾಕಾ: 195 ಕೊಟ್ಟು ಬಟ್ಟಿ ಯಾಕ ತರ್ತೀರಿ? ನಮ್ಮಪ್ಪನ ಹಳೇ ಧೋತರ, ಒಂದು ಬಿಳಿ ಬನಿಯನ್, 30 ರೂಪಾಯಿ ಕೆಂಪು ಬಣ್ಣದ ಪಾಕೀಟ್. ಮುಗೀತು. ನಡುವ ಪ್ಲಾಸ್ಟಿಕ್ ಸುತ್ತಿ ದಾರ ಬಿಗಿದು ಅರ್ಧ ಅಷ್ಟೇ ಅದ್ದಬೇಕು. ಸಡಿಲ ಕಟ್ಟಿದ್ರ ಬಣ್ಣ ಬಟ್ಟಿ ಹಿಡ್ಕೊಂಡು ಆ ಕಡಿ ಏರ್ತದ. ಧೋತರ ಜಕ್ಕಾಸ್ ಬಂತು. ಬನಿಯನ್ ಕೈ ಕೊಡ್ತು. ಪೂರಾ ಕಾಟನ್ ಅಂತ ಅಂಗಡಿಯವ ಆಣಿ ಮಾಡಿ ಕೊಟ್ಟಿದ್ದ, ಮಿಕ್ಸ್ ಮಾಲು. ಪಾಲಿಸ್ಟರಿಗೆ ಆ ಪಾಕೀಟ್ ಬಣ್ಣ ಹತ್ತಂಗಿಲ್ಲ. ಕುದಿಯೋ ನೀರು, ಉಪ್ಪು, ಏನ್ ಹಾಕಿದ್ರೂ ನಸುಗೆಂಪು.

ಸೇಡಂ ರೋಡ್ ಅಕ್ಕ: ನೀರು ಕುದಿಸಿದ ಗ್ಯಾಸಿನ ರೊಕ್ಕ ಯಾರಪ್ಪ ಕೊಟ್ಟ ಕಾಕಾ? 30 ರೂಪಾಯಿ ಅಂತ!

ಬೀದರ್ ಭಾಲ್ಕಿ ರೋಡ್: ನಾವು ಪಾರ್ವತಿ ಕಡಿ ಅರಿಶಿಣದಾಗ ಅದ್ದಿದ್ವಿ. ಛಂದ ಹಳದಿ. ಹಿಂದಿನ ದಿನ ನಮ್ಮತ್ತಿಯವ್ರು ಹೊಲಸಾಗ್ಯದ ಅಂತ ಸೋಪ್ ಹಾಕಿ ತೊಳದ್ರು, ಅರ್ಧ ಪೂರಾ ಕೆಂಪು! ಅರಿಶಿಣಕ್ಕ ಸುಣ್ಣ ಬಿದ್ರ ಕುಂಕುಮ ಆಗ್ತದಲ್ಲ, ಅದೇ ಕತಿ. ನಿಂಬಿ ಹಣ್ಣಿನ ನೀರು ಹೊಡದ್ರ ಹಳದಿ ವಾಪಸ್ ಬರ್ತದ. ನಾವು ಬಿಟ್ವಿ, ಕೆಂಪೇ ಚೊಲೋ ಕಾಣ್ತಿತ್ತು. ಮೊದಲ ಬಹುಮಾನ ನಮ್ದೇ. ಯಾವ ವೆಲ್ವೆಟ್ಟೂ ಬೇಕಾಗ್ಲಿಲ್ಲ.

ನಿವೃತ್ತ ಚಿತ್ರಕಲಾ ಶಿಕ್ಷಕ: ಬಟ್ಟೆಯ ಮಾತು ಆಮೇಲೆ. ಸೇಡಂ ರೋಡಿನ ಸಹೋದರಿ ಹಾಕಿದ ಫೋಟೋದಲ್ಲಿ ಶಿವ ಎಡಕ್ಕಿದ್ದಾನೆ. ಬಾದಾಮಿಯ ಒಂದನೇ ಗುಹೆ ನೋಡಿ ಬನ್ನಿ. ಮೂರ್ತಿಯ ಬಲ ಭಾಗ ಶಿವ, ಎಡ ಭಾಗ ಪಾರ್ವತಿ. ಮಕ್ಕಳಿಗೆ ತಪ್ಪು ಕಲಿಸಬಾರದು.

ಸೇಡಂ ರೋಡ್ ಅಕ್ಕ: ಸರ್, ಅದು ಸೆಲ್ಫಿ. ಎಡ ಬಲ ತಿರಗ್ಯಾದ. ಹುಡುಗಿ ಹಿಂದಿನ ಬೋರ್ಡಿನ ಅಕ್ಷರನೂ ಉಲ್ಟಾ ಅವ, ಕಾಣ್ಲಿಲ್ಲೇನ್ರಿ?

ನಿವೃತ್ತ ಚಿತ್ರಕಲಾ ಶಿಕ್ಷಕ: ಹಾಗಾದರೆ ನೆಟ್ಟಗೆ ಫೋಟೋ ತೆಗೆದು ಹಾಕಬೇಕಿತ್ತು.

ರಿಂಗ್ ರೋಡ್ ತಾಯಿ: ಅಕ್ಕಾರ, ಮಷೀನ್ ಇಲ್ಲ ಅಂತ ಬರದಿದ್ದೆ. ಕೈಲೆ ಹೊಲದ್ರ ನಿಲ್ತದೇನ್ರಿ?

ಶಹಾಬಾದ್ ಕಾಕಾ: ಧೋತರಕ್ಕ ಹೊಲಿಗೇನೇ ಬ್ಯಾಡ ತಂಗಿ, ಅದಕ್ಕೇ ಹೇಳ್ಲತ್ತೀನಿ. ಮತ್ತ ಆ ಅಕ್ಕಾರು ಅರ್ಧ ಮೀಟರ್ ವೆಲ್ವೆಟ್ 90ಕ್ಕ ತಂದೀನಿ ಅಂದ್ರು. ಯಾವ ಅಂಗಡಿ? ನಾನೂ ಕಪಡಾ ಬಜಾರ್ ಪೂರಾ ತಿರಗೀನಿ, 150ಕ್ಕ ಕಮ್ಮಿ ಯಾರೂ ಕೊಡಂಗಿಲ್ಲ.

ಸೇಡಂ ರೋಡ್ ಅಕ್ಕ: ಚೌಕಾಸಿ ಬರಬೇಕು ಕಾಕಾ. ಅಂಗಡಿ ಹೇಳಂಗಿಲ್ಲ ಹೋಗ್ರಿ.

ಬೀದರ್ ಭಾಲ್ಕಿ ರೋಡ್: ಇಲ್ಲದ ಅಂಗಡಿ ಹೆಂಗ ಹೇಳ್ತಾರ್ರಿ ಪಾಪ.

ಸೇಡಂ ರೋಡ್ ಅಕ್ಕ: ಸೋಪಿನ್ಯಾಗ ತೊಳದು ಬಹುಮಾನ ತಗೊಂಡವ್ರು ಸುಮ್ನ ಕೂಡ್ರಿ. ಬಿಲ್ ಹಾಕ್ತೀನಿ ತಡೀರಿ.