ಹಲಸೂರು ಕೆರೆಯ ಗಾಳಿಯಲ್ಲಿ ಡಿಂಗಿ ಸ್ಪರ್ಧೆ: ಮಗಳಿಗೆ ಏನು ಹೇಳಿಕೊಡಲಿ?

ಪ್ರಶ್ನೆ:
ನನ್ನ 12 ವರ್ಷದ ಮಗಳು ಹಲಸೂರು ಕೆರೆಯಲ್ಲಿ ಆಪ್ಟಿಮಿಸ್ಟ್ ಎಂಬ ಮಕ್ಕಳ ಪುಟ್ಟ ಹಾಯಿದೋಣಿ (ಡಿಂಗಿ) ನಡೆಸಲು ಕಲಿಯುತ್ತಿದ್ದಾಳೆ. ಕಳೆದ ಭಾನುವಾರದ ಅಭ್ಯಾಸ ಸ್ಪರ್ಧೆಯಲ್ಲಿ ಮುಂದಿದ್ದವಳು, ದಡದ ಮರಗಳ ಬಳಿ ಗಾಳಿ ದಿಕ್ಕು ಬದಲಿಸಿದ್ದರಿಂದ ಹಿಂದುಳಿದಳು. ಆಮೇಲೆ ಎದುರಾದ ದೋಣಿಗೆ ಯಾರು ದಾರಿ ಬಿಡಬೇಕೆಂದು ತಿಳಿಯದೆ ಡಿಕ್ಕಿಯೂ ಆಯಿತು. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ದಾರಿಯ ನಿಯಮ ಸರಳ. ಎಡಬದಿಯಿಂದ ಗಾಳಿ ಪಡೆಯುವ ದೋಣಿಯು ಬಲಬದಿಯಿಂದ ಗಾಳಿ ಪಡೆಯುವ ದೋಣಿಗೆ ದಾರಿ ಬಿಡಬೇಕು. ತಪ್ಪಿದವರು ಸಾಮಾನ್ಯವಾಗಿ ದೂರ ಸರಿದು ದೋಣಿಯನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಸ್ಪರ್ಧೆ ಮುಂದುವರಿಸಬಹುದು.

ಉತ್ತರ 2:
ನನ್ನ ಅಭಿಪ್ರಾಯದಲ್ಲಿ ಮುಖ್ಯ ಪಾಠ ಗಾಳಿಯದೇ. ಸುತ್ತಲೂ ಮರ ಮತ್ತು ಎತ್ತರದ ಕಟ್ಟಡಗಳಿರುವ ಸಣ್ಣ ಕೆರೆಯಲ್ಲಿ ಗಾಳಿ ಒಡೆದು, ಸುಳಿದು, ಕ್ಷಣಕ್ಷಣಕ್ಕೂ ತಿರುಗುತ್ತದೆ. ಗಾಳಿಗೆ ಎದುರಾಗಿ ಓರೆಯಾಗಿ ಸಾಗುವಾಗ ಹಾಯಿ ಬಿಗಿಯಾಗಿದ್ದರೂ ದೋಣಿಯ ಮೂತಿ ಗುರುತಿನ ಬೋಯಿಯಿಂದ (ಸ್ಪರ್ಧೆಯ ದಾರಿ ತೋರಿಸುವ ತೇಲುಗುರುತು) ದೂರ ಸರಿಯತೊಡಗಿದರೆ, ಗಾಳಿ ಪ್ರತಿಕೂಲವಾಗಿ ತಿರುಗಿದೆ ಎಂದರ್ಥ. ಆಗ ಹಟ ಹಿಡಿಯದೆ ಮಗ್ಗುಲು ಬದಲಿಸಬೇಕು, ಅಂದರೆ ದೋಣಿ ತಿರುಗಿಸಿ ಇನ್ನೊಂದು ಬದಿಯಿಂದ ಗಾಳಿ ಪಡೆಯಬೇಕು. ಮೂತಿ ಬೋಯಿಯತ್ತ ತಿರುಗಿದರೆ ಅದೇ ಮಗ್ಗುಲಲ್ಲಿ ಮುಂದುವರಿಯಲಿ. ನೀರಿನ ಮೇಲೆ ಕಪ್ಪಾಗಿ ಹರಿದು ಬರುವ ಅಲೆಪಟ್ಟಿಯೇ ಬರಲಿರುವ ಗಾಳಿ. ಅದನ್ನು ನೋಡುವ ಕಣ್ಣು ಬೆಳೆಯಲು, ಇಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ಕೆರೆಯನ್ನು ಗಮನಿಸುವಂತೆ ಮಾಡಿ.

ಉತ್ತರ 3:
ಆರಂಭದ ಅಭ್ಯಾಸವನ್ನೂ ಮರೆಯಬೇಡಿ. ಸಾಮಾನ್ಯವಾಗಿ 5, 4 ಮತ್ತು 1 ನಿಮಿಷ ಉಳಿದಾಗ ಸಂಕೇತಗಳು ಬರುತ್ತವೆ. ಕೈಗಡಿಯಾರ ಕಟ್ಟಿಕೊಂಡೇ ಅಭ್ಯಾಸ ಮಾಡಲಿ. ಆಪ್ಟಿಮಿಸ್ಟ್ ಸ್ಪರ್ಧೆಗೆ ವಯಸ್ಸಿನ ಮಿತಿ 15, ಆದ್ದರಿಂದ ಅವಳಿಗೆ ಇನ್ನೂ ಸಮಯವಿದೆ.