60 ಸೆಂಟ್ಸ್ ಜಾಗಕ್ಕೆ ಪೂರಾ ಇಂಟರ್‌ಲಾಕ್ ಬೇಕಾ?

ಪದವಿನಾಚೆ:
ಕಾಸರಗೋಡಿನ ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ಹೇಳಿ. ನಮ್ಮ ಬಸ್‌ಸ್ಟಾಪಿಗೂ ಶಾಲೆಗೂ ನಡುವೆ 60 ಸೆಂಟ್ಸ್ ಪಂಚಾಯತ್ ಜಾಗ ಇದೆ. ಮೇಲಿನ ಬದಿ ಮುರಕಲ್ಲಿನ ಪಾರೆ, ಮಧ್ಯೆ ಅಶ್ವತ್ಥಕಟ್ಟೆ, ಕೆಳಗೆ ಒಂದು ಪಳ್ಳ. ಮಳೆಗಾಲದಲ್ಲಿ ಪಳ್ಳ ತುಂಬಿ ನೀರು ತೋಡಿಗೆ ಹೋಗುತ್ತದೆ. ಮಾರ್ಚಿಗೆ ಒಣಗುತ್ತದೆ, ಆಮೇಲೆ ಮಕ್ಕಳಿಗೆ ಅದೇ ಕ್ರಿಕೆಟ್ ಗ್ರೌಂಡು.

ಈಗ ಅಲ್ಲಿ ಪಾರ್ಕ್ ಮಾಡುತ್ತಾರಂತೆ. ಪ್ಲಾನ್ ನೋಡಿದೆ. ಪಳ್ಳ ತುಂಬಿಸಿ ಪೂರಾ ಇಂಟರ್‌ಲಾಕ್ (ಒಂದಕ್ಕೊಂದು ಸೇರಿಸಿ ಹಾಸುವ ಸಿಮೆಂಟ್ ಬ್ಲಾಕ್), ಸುತ್ತ ಕಾಂಪೌಂಡ್, ಸ್ಟೀಲ್ ಗೇಟು, ಒಂದು ಹೈಮಾಸ್ಟ್ ಲೈಟು, ಮೂಲೆಗೊಂದು ತಾಳೆ ಜಾತಿಯ ಶೋ ಗಿಡ. (ಎಸ್ಟಿಮೇಟ್ ಪೂರಾ ಮಲಯಾಳದಲ್ಲಿತ್ತು, ಓದಿಸಿಕೊಳ್ಳಲು ಇನ್ನೊಬ್ಬರ ಕಾಲು ಹಿಡಿಯಬೇಕಾಯಿತು. ಆ ಕತೆ ಇನ್ನೊಮ್ಮೆ.) ಭಾನುವಾರ ಗ್ರಾಮಸಭೆ. ಸುಮ್ನೆ ಬೇಡ ಅಂದರೆ ಅಭಿವೃದ್ಧಿಗೆ ಅಡ್ಡಗಾಲು ಅನ್ನುತ್ತಾರೆ. ಏನು ಕೇಳಲಿ, ಹೇಗೆ ಕೇಳಲಿ?

ಮುರಕಲ್ಲು:
ನಾನು ಮೇಸ್ತ್ರಿ. ಇಂಟರ್‌ಲಾಕ್ ನಾನೇ ಎಷ್ಟೋ ಅಂಗಳಕ್ಕೆ ಹಾಕಿದ್ದೇನೆ, ಹಾಗಾಗಿ ಹೇಳುತ್ತೇನೆ. ಸಂದಿನಲ್ಲಿ ನೀರು ಇಳಿಯುತ್ತದೆ ಅಂತ ಓವರ್‌ಸೀಯರ್ ಹೇಳಬಹುದು. ಹೊಸತರಲ್ಲಿ ಸ್ವಲ್ಪ ಇಳಿಯುತ್ತದೆ, ಹೌದು. ಆದರೆ ಅಡಿಗೆ ಜಲ್ಲಿಹುಡಿ ಹಾಕಿ ಯಂತ್ರದಲ್ಲಿ ಗುದ್ದಿ ಗಟ್ಟಿ ಮಾಡಿರುತ್ತೇವೆ, ಸಂದಿಗೆ ಮಣ್ಣು ಕೂತು ಎರಡು ಮಳೆಗಾಲ ಕಳೆದರೆ ಸಿಮೆಂಟಿನ ಅಂಗಳಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಪಾಚಿ ಹಿಡಿದರೆ ಕೇಳುವುದೇ ಬೇಡ.

ಒಂದು ಲೆಕ್ಕ ಬರೆದುಕೊಂಡು ಹೋಗಿ. ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರ್, 60 ಸೆಂಟ್ಸಿಗೆ 2,400. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮಲ್ಲಿ ಜೋರು ಮಳೆಯ ದಿನ 100 ಮಿ.ಮೀ. ಬರುವುದು ಹೊಸತಲ್ಲ, ಅಲ್ವಾ? ಆ ಒಂದು ದಿನದ್ದೇ 2.4 ಲಕ್ಷ ಲೀಟರ್ ಆಯಿತು. 6,000 ಲೀಟರಿನ ಟ್ಯಾಂಕರಿನಲ್ಲಿ 40 ಲೋಡು. ಪಳ್ಳ ತುಂಬಿಸಿದ ಮೇಲೆ ಈ 40 ಲೋಡು ಎಲ್ಲಿಗೆ ಹೋಗಬೇಕು ಅಂತ ಕೇಳಿ, ಬೇರೇನೂ ಕೇಳಬೇಡಿ. ಶಾಲೆಯೊಳಗೆ ಹೋಗುತ್ತದೆ, ಮತ್ತೆಲ್ಲಿಗೆ!

ಶಿರಿಯಹೊಳೆ:
ಮೇಸ್ತ್ರಿ ಅಣ್ಣನ ಲೆಕ್ಕ ಸರಿ ಇದೆ. ನಾನು ಸಿಂಗಾಪುರದಲ್ಲಿ ಇದ್ದಾಗ ಬಿಶಾನ್-ಆಂಗ್ ಮೊ ಕಿಯೊ ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದೆ. ಮೊದಲು ಅಲ್ಲಿ ಕಾಲಾಂಗ್ ನದಿ ಅಂದರೆ 2.7 ಕಿ.ಮೀ. ಉದ್ದದ ನೆಟ್ಟಗಿನ ಸಿಮೆಂಟ್ ಚರಂಡಿ. ಅದನ್ನು ಒಡೆದು, ನಮ್ಮ ತೋಡಿನ ಹಾಗೆ ಬಳುಕುವ 3.2 ಕಿ.ಮೀ. ಹೊಳೆ ಮಾಡಿ 2012ರಲ್ಲಿ ತೆರೆದರು. ಬಿಸಿಲಿದ್ದರೆ ಜನ ಹುಲ್ಲಿನ ಮೇಲೆ ನೀರಿನ ಹತ್ತಿರ ಕೂರುತ್ತಾರೆ, ಜೋರು ಮಳೆ ಬಂದರೆ ಆ ಹುಲ್ಲಿನ ಜಾಗ ನದಿಯದ್ದು. ಒಡೆದ ಸಿಮೆಂಟನ್ನೂ ಬಿಸಾಡಲಿಲ್ಲ, ಅದರಲ್ಲೇ ಒಂದು ಗುಡ್ಡೆ ಮಾಡಿದ್ದಾರೆ. ಬ್ಯಾಂಕಾಕಿನಲ್ಲಿ ಚುಲಾಲಂಗ್‌ಕೊರ್ನ್ ಶತಮಾನೋತ್ಸವ ಪಾರ್ಕ್ ಅಂತ ಇನ್ನೊಂದು ಇದೆ, 2017ರದ್ದು. ಅದರ ನೆಲವನ್ನೇ ಓರೆ ಮಾಡಿದ್ದಾರೆ, ಬಿದ್ದ ಮಳೆ ತಾನಾಗಿ ಕೆಳಗಿನ ಕೆರೆಗೆ ಬರಲಿ ಅಂತ.

ಅವರು ಓರೆಯನ್ನೂ ಕೆರೆಯನ್ನೂ ದುಡ್ಡು ಕೊಟ್ಟು ಮಾಡಿಸಿದರು ಮಾರಾಯ್ರೇ. ನಿಮ್ಮಲ್ಲಿ ಎರಡೂ ಪುಕ್ಕಟೆ ಇದೆ, ನೀವು ದುಡ್ಡು ಕೊಟ್ಟು ಮುಚ್ಚುತ್ತೀರಿ! ಪಳ್ಳ ಬೇಕು ಅಂತ ಅಷ್ಟೇ ಹೇಳಿ ಸುಮ್ಮನಾಗಬೇಡಿ. ಪಳ್ಳದ ಸುತ್ತ ಕೂರುವ ಮೆಟ್ಟಿಲು ಬೇಕು ಅನ್ನಿ. ಬೇಸಿಗೆಯಲ್ಲಿ ಕ್ರಿಕೆಟ್ ನೋಡುವವರಿಗೆ ಗ್ಯಾಲರಿ, ಮಳೆಗಾಲದಲ್ಲಿ ಕೆರೆ. ಉದ್ಘಾಟನೆಗೆ ಫೋಟೋ ಕೂಡ ಚೆನ್ನಾಗಿ ಬರುತ್ತದೆ.

ಮುರಕಲ್ಲು:
ಮೆಟ್ಟಿಲು ಒಳ್ಳೆಯದೇ. ಮುರಕಲ್ಲು ಗಾಳಿಗೆ ಬಿದ್ದಷ್ಟು ಗಟ್ಟಿಯಾಗುತ್ತದೆ, ಆದರೆ ನೀರು ಏರಿ ಇಳಿಯುವ ಕಡೆ ಮೆತ್ತಗಿನ ಕಲ್ಲು ಇಟ್ಟರೆ ಮೂಲೆ ಸವೆಯುತ್ತದೆ. ಕೆಳಗಿನ ಎರಡು ಸಾಲಿಗೆ ಕಪ್ಪುಕಲ್ಲು ಇಡಿಸಿ.

ಇನ್ನೊಂದು ಜಾಗ್ರತೆ. ಈಗ ಎಲ್ಲರಿಗೂ ಇಂಗುಗುಂಡಿಯ ಹುಚ್ಚು. ಮೇಲಿನ ಪಾರೆಯ ಅಂಚಿನಲ್ಲಿ, ಅದರಲ್ಲೂ ಜರಿ ಕಡಿದ ಕಡೆ, ಗುಂಡಿ ತೋಡಲು ಬಿಡಬೇಡಿ. ಮುರಕಲ್ಲಿನ ಅಡಿಯಲ್ಲಿ ಜೇಡಿ ಇರುತ್ತದೆ. ಅದು ನೀರು ಕುಡಿದು ಮೆತ್ತಗಾದರೆ ಮೇಲಿನದ್ದು ಸಮೇತ ಜಾರುತ್ತದೆ. ಇಂಗಿಸುವುದು ಕೆಳಗೆ ಪಳ್ಳದಲ್ಲೇ ಆಗಲಿ.

ಹಳೇಟೀಚರ್:
ಎಲ್ಲರೂ ನೀರು ನೀರು ಅನ್ನುತ್ತೀರಿ, ಅಲ್ಲಿ ಕೂರುವವರ ಸುದ್ದಿ ಯಾರಿಗೂ ಬೇಡ. ಕಾಂಪೌಂಡ್ ಕಟ್ಟಿ ಗೇಟ್ ಇಟ್ಟರೆ ಬೀಗದ ಕೈ ಯಾರ ಹತ್ತಿರ? ನಮ್ಮಲ್ಲೂ ಹೀಗೇ ಒಂದು ಪಾರ್ಕ್ ಆಯಿತು. ಸಂಜೆ ಐದಕ್ಕೆ ಬೀಗ. ಶಾಲೆ ಬಿಟ್ಟ ಮಕ್ಕಳು, ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಹೆಂಗಸರು ಎಲ್ಲ ಗೋಡೆಯ ಹೊರಗೆ, ಒಳಗೆ ಎರಡು ನಾಯಿ. ಗೋಡೆ ಬೇಡ, ಮೊಣಕಾಲೆತ್ತರದ ಕಟ್ಟೆ ಸಾಕು, ಅದರ ಮೇಲೇ ಕೂರಬಹುದು. ಹೈಮಾಸ್ಟ್ ಮೇಲಿನಿಂದ ಸುರಿದರೆ ಮರದ ಅಡಿ ಇನ್ನೂ ಕತ್ತಲೆ ಕಾಣುತ್ತದೆ. ದಾರಿಯ ಬದಿಗೆ ತಗ್ಗಿನ ದೀಪ ಕೇಳಿ. ನೀರಿರುವ ಶೌಚಾಲಯ ಕೇಳಿ, ಅದು ಪ್ಲಾನಿನಲ್ಲಿ ಇದ್ದ ಹಾಗೆ ಕಾಣಲಿಲ್ಲ.

ಅಶ್ವತ್ಥದ ಬುಡಕ್ಕೆ ಸಿಮೆಂಟ್ ಮುಟ್ಟಿಸಬೇಡಿ. ತಿರುವನಂತಪುರದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮರ ಅಡ್ಡ ಬಂದರೆ ಗೋಡೆಯನ್ನೇ ಬಗ್ಗಿಸಿ ಕಟ್ಟುತ್ತಿದ್ದರು, ನಮ್ಮವರು ಮರದ ಕುತ್ತಿಗೆಗೆ ಟೈಲ್ಸ್ ಕಟ್ಟುತ್ತಾರೆ. ಶೋ ಗಿಡದ ಬದಲು ರೆಂಜೆ, ಹೊನ್ನೆ, ನೇರಳೆ ನೆಡಿ. ನೆರಳು ಅಂದರೆ ಅದು.

ಸುಮ್ನೆ_ಓದುವವ:
ಹೈವೇ ಅಗಲ ಮಾಡುವಾಗ ಹೋದ ಮರಗಳಿಗೆ ಲೆಕ್ಕ ಇಲ್ಲ. ನೀವು 60 ಸೆಂಟ್ಸ್ ಹಿಡಿದು ಕೂತಿದ್ದೀರಿ.

ಹಳೇಟೀಚರ್:
ಹೈವೇಗೆ ಗ್ರಾಮಸಭೆಯಲ್ಲಿ ಕೈ ಎತ್ತಲು ಆಗುವುದಿಲ್ಲ ತಮ್ಮ, ಇದಕ್ಕೆ ಆಗುತ್ತದೆ.

ಶಿರಿಯಹೊಳೆ:
ಒಂದು ಮರೆತೆ. ಪಳ್ಳದ ಪಕ್ಕ ಗದ್ದೆ ಏನಾದರೂ ಇತ್ತಾ? ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗು ಭೂಮಿ ಕಾನೂನು ಇದೆ. ಆ ಸರ್ವೆ ನಂಬರ್ ಆ ಕಾನೂನಿನಡಿ ಮಾಡಿದ ಗದ್ದೆ-ಜೌಗಿನ ಪಟ್ಟಿಯಲ್ಲಿ, ಅಂದರೆ ಡಾಟಾ ಬ್ಯಾಂಕಿನಲ್ಲಿ, ಇದೆಯಾ ಅಂತ ಕೃಷಿಭವನದಲ್ಲಿ ನೋಡಿಸಿ. ಇದ್ದರೆ ಸುಮ್ನೆ ಮಣ್ಣು ಹಾಕಿ ತುಂಬಿಸಲು ಆಗುವುದಿಲ್ಲ, ಅರ್ಧ ವಾದ ಅಲ್ಲೇ ಮುಗಿಯಿತು.

ಪದವಿನಾಚೆ:
ಎಲ್ಲರಿಗೂ ಉಪಕಾರ. 40 ಲೋಡಿನ ಲೆಕ್ಕ ಮೆಂಬರಿಗೆ ತೋರಿಸಿದೆ, ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. ಶನಿವಾರ ಓವರ್‌ಸೀಯರನ್ನು ಕರೆದುಕೊಂಡು ಬರುತ್ತಾರಂತೆ. ಗೇಟು ಮಾತ್ರ ಬೇಕೇ ಬೇಕು ಅನ್ನುತ್ತಿದ್ದಾರೆ, ನೋಡೋಣ. ಟೀಚರೇ, ಬಸ್‌ಸ್ಟಾಪಿನ ಬದಿ ಮೇಲೆ ಕರೆಂಟಿನ ಲೈನ್ ಇದೆ. ಅಲ್ಲಿಗೆ ಏನು ನೆಡಬಹುದು?

ಹಳೇಟೀಚರ್:
ಕುಂಟಾಲ. ಜಾಸ್ತಿ ಎತ್ತರ ಹೋಗುವುದಿಲ್ಲ. ಹಣ್ಣಾಗುವ ಹೊತ್ತಿಗೆ ನಾಲ್ಕು ಮಂದಿಗೆ ಬಸ್ಸು ತಪ್ಪೀತು, ಅಷ್ಟೇ.